ನಾಲ್ಕು ಎತ್ತು ಹೂಡಿದರೆ ಬಂಡಿ ನಿಲ್ಲುವುದಿಲ್ಲ: ಪುಣೆಗೆ ಹೊಸದಾಗಿ ಬಂದವರಿಗೆ ಟೈರಿನ ಮಾತು

ಪುಣೆಗೆ ಹೊಸದಾಗಿ ಬಂದ ನಮ್ಮವರು ನನ್ನನ್ನು ಹುಡುಕಿಕೊಂಡು ಬರುವುದು ಹೆಚ್ಚಾಗಿ ಎರಡು ಪ್ರಶ್ನೆಗಳಿಗಾಗಿ. ಒಂದು ಮಕ್ಕಳ ಶಾಲೆಯದು. ಅದರಲ್ಲಿ ನನ್ನ ಸಲಹೆಗೆ ಬೆಲೆಯಿಲ್ಲ. ಇನ್ನೊಂದು ಕಾರಿನದು. ಹೋದ ಮೇ ತಿಂಗಳಲ್ಲಿ ಹಿಂಜವಡಿಯಲ್ಲಿ ಕೆಲಸ ಮಾಡುವ ಗದಗಿನ ಹುಡುಗನೊಬ್ಬ ಮನೆಗೆ ಬಂದು, "ಸರ್, ಊರಿಗೆ ಹೋಗಿಬರಬೇಕು, ಮಳೆಗಾಲದಲ್ಲಿ ಘಾಟು ತಿರುಗಬೇಕು, ಡಿಸೆಂಬರಿನಲ್ಲಿ ಮನಾಲಿಗೆ ಹೋಗಿ ಹಿಮ ನೋಡಬೇಕು, ಫೋರ್ ಬೈ ಫೋರ್ ತಗೊಂಡುಬಿಡಲೇನು?" ಎಂದು ಕೇಳಿದ. ಎಂಜಿನಿನ ಶಕ್ತಿ ನಾಲ್ಕೂ ಗಾಲಿಗಳಿಗೆ ಹೋಗುವ ಗಾಡಿ ಅದು. ನಾನು ಅವನ ಈಗಿನ ಕಾರಿನ ಟೈರು ಯಾವ ವರ್ಷದ್ದೆಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಆ ವಯಸ್ಸಿನಲ್ಲಿ ನನಗೂ ಗೊತ್ತಿರಲಿಲ್ಲ, ಮತ್ತು ಗೊತ್ತಿಲ್ಲವೆಂಬುದು ಅಂಬೋಲಿ ಘಾಟಿನ ಒಂದು ತಿರುವಿನಲ್ಲಿ ಗೊತ್ತಾಯಿತು.

ಕಾಗದಪತ್ರಗಳ ಮಾತು ಇಲ್ಲಿಗೇ ಮುಗಿಸುತ್ತೇನೆ: ಕೆಎ ನಂಬರಿನ ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಯೇ ಇರುವುದಾದರೆ ಊರಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆಯಿಲ್ಲವೆಂಬ ಪತ್ರ) ತಂದು ಎಂಎಚ್ ನಂಬರು ಮಾಡಿಸಿ, ಪಿಯುಸಿ (ಹೊಗೆ ತಪಾಸಣೆಯ ಪತ್ರ) ಮತ್ತು ವಿಮೆಯ ತಾರೀಕು ಮರೆಯಬೇಡಿ.

ಅಂಬೋಲಿಯ ಕಥೆ 2009ರ ಜುಲೈ ತಿಂಗಳದು. ನಮ್ಮದು ಸಣ್ಣ ಹ್ಯಾಚ್‌ಬ್ಯಾಕ್, ಮುಂದಿನ ಗಾಲಿಗಳಿಗೆ ಶಕ್ತಿ ಹೋಗುವ ಗಾಡಿ. ನಾಲ್ಕೂ ಟೈರು ಸವೆದಿದ್ದವು, ಕೈಯಲ್ಲಿ ಎರಡು ಟೈರಿನ ಹಣವಷ್ಟೇ ಇತ್ತು. ಕರ್ವೆ ರಸ್ತೆಯ ಹತ್ತಿರದ ಟೈರಿನ ಅಂಗಡಿಯ ಕಾಕಾ ಮರಾಠಿಯಲ್ಲಿ, "ನವೀನ್ ಮಾಗೆ ಟಾಕಾ, ಸಾಹೇಬ್" ಎಂದರು. ಹೊಸದನ್ನು ಹಿಂದೆ ಹಾಕಿ ಎಂದು. ನಾನು ಎಂಜಿನಿಯರು. ಎಳೆಯುವುದು ಮುಂದಿನ ಗಾಲಿ, ಸ್ಟೇರಿಂಗ್ ತಿರುಗಿಸುವುದು ಮುಂದಿನ ಗಾಲಿ, ಬ್ರೇಕಿನ ಭಾರ ಬೀಳುವುದೂ ಮುಂದೆಯೇ. ಆದ್ದರಿಂದ ಹೊಸ ಟೈರು ಮುಂದೆಯೇ ಇರಬೇಕೆಂದು ಅವರಿಗೆ ಪಾಠ ಹೇಳಿದೆ. ಕಾಕಾ ಭುಜ ಕುಣಿಸಿ ಸುಮ್ಮನಾದರು. ಗಿರಾಕಿಯ ಜೊತೆ ವಾದಿಸಿ ಅವರಿಗೆ ಆಗಬೇಕಾದದ್ದೇನಿತ್ತು?

ಧಾರವಾಡಕ್ಕೆ ಹೋಗಿ, ತಾಯಿಯನ್ನು ಮಾತನಾಡಿಸಿ, ಬೆಳಗಾವಿಯ ಮೇಲಿಂದ ಅಂಬೋಲಿ ಇಳಿದು ಗೋವೆಗೆ ಹೋಗುವುದೆಂದು ಹೊರಟಿದ್ದೆವು. ಆಗುಂಬೆಯನ್ನು ಬಲ್ಲವರಿಗೆ ಅಂಬೋಲಿಯ ಮಳೆಯನ್ನು ಬಣ್ಣಿಸಬೇಕಾಗಿಲ್ಲ. ಒಂದು ತಿರುವಿನಲ್ಲಿ ಗುಡ್ಡದ ನೀರು ರಸ್ತೆಯನ್ನು ಅಡ್ಡಹಾಯ್ದು ಹರಿಯುತ್ತಿತ್ತು. ಹೊಸ ಟೈರುಗಳು ನೀರನ್ನು ಸೀಳಿಕೊಂಡು ನಾನು ಹೇಳಿದ ಕಡೆಗೆ ತಿರುಗಿದವು. ಬೋಳಾಗಿದ್ದ ಹಿಂದಿನ ಟೈರುಗಳು ಅದೇ ನೀರಿನ ಮೇಲೆ ತೇಲಿದವು. ಕಾರಿನ ಹಿಂಭಾಗ ನನ್ನನ್ನು ಕೇಳದೆ ಎಡಕ್ಕೆ ಹೊರಟಿತು, ನಾನು ಗಾಬರಿಯಾಗಿ ಬ್ರೇಕು ತುಳಿದೆ, ಅದು ಇನ್ನಷ್ಟು ಹೊರಟಿತು, ಕೊನೆಗೆ ರಸ್ತೆಯಂಚಿನ ಕಟ್ಟೆಗೆ ಹಿಂಬದಿಯ ಬಾಗಿಲು ಬಡಿದು ನಿಂತೆವು. ಹೆಂಡತಿಯ ತೊಡೆಯ ಮೇಲಿದ್ದ ಬುತ್ತಿಯ ಡಬ್ಬಿ ಬಿಚ್ಚಿಕೊಂಡು ಖಡಕ್ ರೊಟ್ಟಿಯ ಚೂರು ಮತ್ತು ಶೇಂಗಾ ಚಟ್ನಿ ಡ್ಯಾಶ್‌ಬೋರ್ಡಿನ ತುಂಬ ಹರಡಿದ್ದವು. ಏಸಿಯ ಕಿಂಡಿಯೊಳಗೆ ಹೋದ ಚಟ್ನಿಯ ವಾಸನೆ ಆ ಕಾರನ್ನು ಮಾರುವವರೆಗೂ ಇತ್ತು. ಆರು ವರ್ಷದ ಮಗಳು ಮಾತ್ರ ಆಟವಾಡಿದೆವೆಂದು ತಿಳಿದು "ಅಜೂನ್ ಏಕದಾ, ಬಾಬಾ" ಎಂದಳು. ಇನ್ನೊಮ್ಮೆ ಮಾಡು ಎಂದು.

ಕಾಕಾ ಹೇಳಿದ್ದು ಸರಿಯಾಗಿತ್ತು. ಎರಡೇ ಟೈರು ಕೊಳ್ಳುವುದಾದರೆ, ಗಾಡಿಯನ್ನು ಎಳೆಯುವುದು ಯಾವ ಗಾಲಿಯೇ ಆಗಿರಲಿ, ಹೊಸದು ಹಿಂದಕ್ಕೆ ಹೋಗಬೇಕು. ಮುಂದಿನ ಗಾಲಿ ಜಾರಿದರೆ ಕಾರು ನೇರವಾಗಿ ಹೋಗಲು ನೋಡುತ್ತದೆ, ವೇಗ ಇಳಿಸಿದರೆ ಬಹುಮಟ್ಟಿಗೆ ಮರಳಿ ಕೈಗೆ ಸಿಗುತ್ತದೆ; ಹಿಂದಿನದು ಜಾರಿದರೆ ಕಾರು ಸುತ್ತುತ್ತದೆ, ಅದನ್ನು ಹಿಡಿಯುವುದು ನಮ್ಮ ನಿಮ್ಮಂಥವರ ಕೈಯಲ್ಲಿ ಆಗುವ ಕೆಲಸವಲ್ಲ. ಈ ವಿಷಯವನ್ನು ಹೇಳಿದಾಗಲೆಲ್ಲ ಹೊಸಬರು ನನ್ನ ಹಾಗೆಯೇ ವಾದಿಸುತ್ತಾರೆ. ಅವರಿಗೆ ಕಟ್ಟೆಯ ಕಥೆ ಹೇಳುತ್ತೇನೆ.

ಟೈರನ್ನು ಓದಲು ಕಲಿಯಿರಿ. ಪಕ್ಕದ ಗೋಡೆಯ ಮೇಲೆ ಒಂದು ಸಣ್ಣ ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ನೆಯ ವರ್ಷದ 23ನೆಯ ವಾರದಲ್ಲಿ ತಯಾರಾದದ್ದು. ಅಂಗಡಿಯವನು ಹೊಸ ಸ್ಟಾಕೆಂದು ಹೇಳಿದರೂ ನೀವೇ ಬಗ್ಗಿ ನೋಡಿ. ಟೈರಿನ ಮೈಮೇಲಿನ ಕಚ್ಚಿನ (ಗೀರುಗಳ) ಆಳ 1.6 ಮಿಲಿಮೀಟರಿಗೆ ಇಳಿದರೆ ಕಾನೂನಿನ ಪ್ರಕಾರ ಟೈರು ಮುಗಿಯಿತು. ಕಚ್ಚಿನ ಒಳಗೆ ಕಾಣುವ ಸಣ್ಣ ದಿಬ್ಬ ಆ ಗುರುತೇ. ಆದರೆ ಸಹ್ಯಾದ್ರಿಯ ಮಳೆ ಕಾನೂನು ನೋಡಿ ಬೀಳುವುದಿಲ್ಲ. ಮೂರು ಮಿಲಿಮೀಟರಿಗೆ ಬಂದಾಗಲೇ ನಾನು ಬದಲಿಸುತ್ತೇನೆ. ಹಾಗೆಯೇ, ಉಬ್ಬುಬ್ಬಿದ ದೊಡ್ಡ ಗಡ್ಡೆಗಳ ಮಡ್ ಟೈರು ಹಾಕಿಕೊಂಡು ತಾಮ್ಹಿಣಿ ಘಾಟಿಗೆ ಹೊರಡುವ ಹುಡುಗರನ್ನು ಕಂಡರೆ ನನಗೆ ಮರುಕವಾಗುತ್ತದೆ. ಆ ಟೈರು ಕೆಸರಿಗಾಗಿ ಹುಟ್ಟಿದ್ದು. ಒದ್ದೆ ಡಾಂಬರಿನ ಮೇಲೆ ಸಾಮಾನ್ಯ ರಸ್ತೆ ಟೈರಿಗಿಂತ ಅದರ ಹಿಡಿತ ಕಡಿಮೆ. ಜೂನಿನ ಮೊದಲ ಮಳೆಯಂತೂ ಯಾವ ಟೈರಿಗೂ ಕರುಣೆ ತೋರಿಸುವುದಿಲ್ಲ, ಏಕೆಂದರೆ ಎಂಟು ತಿಂಗಳ ಎಣ್ಣೆ ಮತ್ತು ಧೂಳು ಆ ದಿನ ನೀರಿನೊಂದಿಗೆ ಕಲೆತು ಸೋಪಿನಂತಾಗಿರುತ್ತದೆ.

ಇನ್ನು ಶಕ್ತಿ ಯಾವ ಗಾಲಿಗೆ ಹೋಗಬೇಕೆಂಬ ಪ್ರಶ್ನೆ. ಎರೆ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ. ಮಳೆಗಾಲದಲ್ಲಿ ಹೊಲದ ದಾರಿಯಲ್ಲಿ ಬಂಡಿ ಸಿಕ್ಕಿಕೊಂಡರೆ ಪಕ್ಕದ ಹೊಲದವನ ಜೋಡಿಯನ್ನೂ ತಂದು ನಾಲ್ಕು ಎತ್ತು ಹೂಡುತ್ತಿದ್ದೆವು, ಬಂಡಿ ಮೇಲೆ ಬರುತ್ತಿತ್ತು. ಆದರೆ ಅದೇ ಬಂಡಿ ಹಳ್ಳಕ್ಕೆ ಇಳಿಯುವಾಗ ನಾಲ್ಕು ಎತ್ತುಗಳಿಂದ ಏನೂ ಪ್ರಯೋಜನವಿರಲಿಲ್ಲ. ಅಲ್ಲಿ ಬೇಕಾದದ್ದು ಗಾಲಿ ನೆಲವನ್ನು ಹಿಡಿಯುವುದು. ಫೋರ್ ಬೈ ಫೋರ್ ಎಂಬುದು ಇಷ್ಟೇ. ಹೊರಡುವುದಕ್ಕೂ ಹತ್ತುವುದಕ್ಕೂ ಅದು ನಿಜವಾಗಿ ಸಹಾಯ ಮಾಡುತ್ತದೆ. ನಿಲ್ಲಿಸುವುದು ಮಾತ್ರ ಟೈರು, ಮತ್ತು ಬ್ರೇಕು ಎಲ್ಲ ಗಾಡಿಗಳಲ್ಲಿಯೂ ನಾಲ್ಕು ಗಾಲಿಗಳಿಗೇ ಇರುತ್ತದೆ.

ಮುಂಬಯಿಯ ಹಳೆಯ ಪದ್ಮಿನಿ ಟ್ಯಾಕ್ಸಿಯಲ್ಲಿ, ಅಂಬಾಸಡರಿನಲ್ಲಿ, ಹಳೆಯ ಇನ್ನೋವಾದಲ್ಲಿ ಶಕ್ತಿ ಹೋಗುತ್ತಿದ್ದುದು ಹಿಂದಿನ ಗಾಲಿಗೆ. ಖಾಲಿ ಗಾಡಿಯಾದರೆ ಹಿಂಬದಿಯಲ್ಲಿ ಭಾರವಿಲ್ಲದೆ ಒದ್ದೆ ಏರಿನಲ್ಲಿ ಬಾಲ ಆಡಿಸುತ್ತಿದ್ದವು. ಇಂದಿನ ಹೆಚ್ಚಿನ ಕಾರುಗಳಲ್ಲಿ ಎಂಜಿನಿನ ಭಾರ ಎಳೆಯುವ ಗಾಲಿಗಳ ಮೇಲೆಯೇ ಕುಳಿತಿರುವುದರಿಂದ ಪುಣೆ, ಕೊಲ್ಹಾಪುರ, ಬೆಳಗಾವಿ ದಾರಿಗೆ ಅವು ಧಾರಾಳವಾಗಿ ಸಾಕು. ಆಲ್ ವೀಲ್ ಡ್ರೈವ್ ಗಾಡಿಗಳು ಗಾಲಿ ಜಾರುವುದನ್ನು ತಾವೇ ಕಂಡು ಉಳಿದ ಗಾಲಿಗಳಿಗೂ ಶಕ್ತಿ ಹಂಚುತ್ತವೆ. ಥಾರ್, ಜಿಮ್ನಿಯಂಥವುಗಳಲ್ಲಿ ಲಿವರಿನಿಂದ ನಾವೇ ಹಾಕಬೇಕು, ಹಾಕಿದಾಗ ಮುಂದಿನ ಮತ್ತು ಹಿಂದಿನ ಅಚ್ಚುಗಳು ಒಂದಕ್ಕೊಂದು ಕಟ್ಟಿದಂತಾಗುತ್ತವೆ. ತಿರುವಿನಲ್ಲಿ ಮುಂದಿನ ಗಾಲಿ ಹೆಚ್ಚು ದೂರ ಹೋಗಬೇಕು, ಹಿಂದಿನದು ಕಡಿಮೆ; ಕೆಸರಿನಲ್ಲಿ, ಹಿಮದಲ್ಲಿ ಟೈರು ಸ್ವಲ್ಪ ಜಾರಿ ಈ ಲೆಕ್ಕ ಸರಿಹೋಗುತ್ತದೆ, ಒಣ ರಸ್ತೆಯಲ್ಲಿ ಆಗುವುದಿಲ್ಲ. ನಾನು ಹೊಸ ಗಾಡಿಯ ಹುಮ್ಮಸ್ಸಿನಲ್ಲಿ ಒಣಗಿದ ಖಂಬಾಟಕಿ ಘಾಟನ್ನು ಫೋರ್ ಎಚ್‌ನಲ್ಲಿಯೇ, ಅಂದರೆ ನಾಲ್ಕೂ ಗಾಲಿಗೆ ಶಕ್ತಿ ಹಾಕಿಕೊಂಡೇ, ಹತ್ತಿದ್ದೇನೆ. ಸ್ಟೇರಿಂಗ್ ಬಿಗಿಯಾಯಿತು, ತಿರುವುಗಳಲ್ಲಿ ಗಾಡಿ ಒದ್ದಾಡಿತು, ಮೆಕ್ಯಾನಿಕ್ಕಿನ ಮುಂದೆ ತಪ್ಪೊಪ್ಪಿಕೊಳ್ಳಬೇಕಾಯಿತು.

ಹೌದು, ಇಷ್ಟೆಲ್ಲ ತಿಳಿದ ಮೇಲೂ ನಾನು ಫೋರ್ ಬೈ ಫೋರ್ ಕೊಂಡೆ. ಕಾರಣ ಘಾಟಲ್ಲ. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಅದರಲ್ಲಿ ಹೋಗಿ ಇಳಿಯಬೇಕೆಂಬ ಆಸೆಯಿತ್ತು. ಊರು ಬಿಟ್ಟು ಬಂದವನಿಗೆ ತಾನು ನೆಲೆನಿಂತೆನೆಂದು ತೋರಿಸಲು ಏನಾದರೂ ದೊಡ್ಡದು ಬೇಕಾಗುತ್ತದೆ.

ರೋಹತಾಂಗಿನ ಅಟಲ್ ಸುರಂಗ 2020ರ ಅಕ್ಟೋಬರಿನಲ್ಲಿ ತೆರೆಯಿತು. ಮುಂದಿನ ಚಳಿಗಾಲದಲ್ಲಿ ಸುಮಾರು 2000 ಕಿಲೋಮೀಟರು ಓಡಿಸಿಕೊಂಡು ಮನಾಲಿಗೆ ಹೋದೆವು. ಹಿಮ ಬಿದ್ದ ದಿನ ಪೊಲೀಸರು ಫೋರ್ ಬೈ ಫೋರ್ ಗಾಡಿಗಳನ್ನೂ ಚೈನು ಕಟ್ಟಿದವುಗಳನ್ನೂ ಮಾತ್ರ ಬಿಡುತ್ತಿದ್ದರು. ನಾನು ಮೀಸೆ ತಿರುವಿಕೊಂಡು ದಾಟಿದೆ. ಒಂಬತ್ತು ಕಿಲೋಮೀಟರು ಉದ್ದದ ಸುರಂಗದಿಂದ ಲಾಹೌಲ್ ಕಡೆಗೆ ಹೊರಬಂದು ಸ್ವಲ್ಪ ದೂರ ಹೋದ ಮೇಲೆ, ಬಿಸಿಲು ತಾಗದ ಒಂದು ತಿರುವು. ರಸ್ತೆ ಬರಿಯ ಒದ್ದೆಯಾದಂತೆ ಕಪ್ಪಗೆ ಕಾಣುತ್ತಿತ್ತು. ಅದು ನೀರಲ್ಲ, ಕನ್ನಡಿಯಂತೆ ತೆಳುವಾಗಿ ಗಟ್ಟಿಯಾದ ಮಂಜುಗಡ್ಡೆ. ನಡೆಯುವವನ ವೇಗದಲ್ಲಿದ್ದ ಗಾಡಿ ಬ್ರೇಕು ತುಳಿದರೂ ನಿಲ್ಲದೆ, ಯಾವ ಅವಸರವೂ ಇಲ್ಲದೆ ಜಾರುತ್ತ ಹೋಗಿ ರಸ್ತೆಯಂಚಿನ ಹಿಮದ ರಾಶಿಗೆ ಮೂಗು ತೂರಿತು. ಬ್ರೇಕು ತುಳಿದಾಗ ಗಾಲಿ ಬಿಗಿದು ನಿಲ್ಲದಂತೆ ನೋಡಿಕೊಳ್ಳುವ ಎಬಿಎಸ್ ಕಾಲಿನ ಕೆಳಗೆ ಕಟಕಟ ಎಂದದ್ದಕ್ಕೆ ಹೆದರಿ ನಾನು ಪೆಡಲು ಬಿಟ್ಟಿದ್ದೆ. ಬಿಡಬಾರದು, ಒತ್ತಿಯೇ ಹಿಡಿಯಬೇಕು. ನಾವು ಕೆಳಗಿಳಿದು ಕಾಲೂರಲಾಗದೆ ಒಬ್ಬರನ್ನೊಬ್ಬರು ಹಿಡಿದು ನಿಂತಿದ್ದಾಗ, ಹಿಮಾಚಲ ನಂಬರಿನ ಹಳೆಯ ಸಣ್ಣ ಹ್ಯಾಚ್‌ಬ್ಯಾಕೊಂದು ಮುಂದಿನ ಎರಡು ಗಾಲಿಗಳಿಗೆ ಚೈನು ಕಟ್ಟಿಕೊಂಡು ಝಣಝಣ ಎನ್ನುತ್ತ ನಮ್ಮನ್ನು ದಾಟಿ ಹೋಯಿತು. ಹಿಂದಿನ ಸೀಟಿನಲ್ಲಿ ಒಬ್ಬ ಅಜ್ಜಿ ಉಣ್ಣೆ ಹೆಣೆಯುತ್ತಿದ್ದಳು.

ಲೆಕ್ಕ ಸರಳವಾಗಿದೆ. ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಬ್ರೇಕು ತುಳಿದ ಮೇಲೆ ಒಣ ಡಾಂಬರಿನಲ್ಲಿ ಒಂಬತ್ತು ಹತ್ತು ಮೀಟರಿಗೆ ನಿಲ್ಲುವ ಕಾರು ಮಂಜುಗಡ್ಡೆಯ ಮೇಲೆ ಅರವತ್ತು ಮೀಟರಿನ ಹತ್ತಿರ ಹೋಗುತ್ತದೆ. ನಮ್ಮ ಬಿಸಿಲು ನಾಡಿನ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಬಿರುಸಾಗತೊಡಗುತ್ತದೆ. ಚಳಿಗಾಲದ ಟೈರಿನ ರಬ್ಬರು ಆ ಚಳಿಯಲ್ಲಿಯೂ ಮೆದುವಾಗಿರುತ್ತದೆ, ಅದರ ಮೈಮೇಲಿನ ನೂರಾರು ಸಣ್ಣ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಮೂರು ಶಿಖರದ ಗುಡ್ಡ, ಅದರೊಳಗೊಂದು ಹಿಮದ ಹರಳು, ಈ ಚಿತ್ರವಿದ್ದರೆ ಅದು ಹಿಮದಲ್ಲಿ ಪರೀಕ್ಷೆಯಾದ ಟೈರು. ಬರಿಯ ಎಂ ಪ್ಲಸ್ ಎಸ್ (ಮಡ್ ಪ್ಲಸ್ ಸ್ನೋ) ಅಕ್ಷರಗಳಿದ್ದರೆ ಅಂಥ ಪರೀಕ್ಷೆಯ ಭರವಸೆಯಿಲ್ಲ. ಪುಣೆಯಲ್ಲಿ ಇಂಥ ಟೈರನ್ನು ಕೊಂಡು ಹಾಕಬೇಡಿ, ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಬೇಗ ಸವೆದುಹೋಗುತ್ತದೆ. ವರ್ಷಕ್ಕೊಮ್ಮೆ ಹಿಮ ನೋಡುವವರು ಒಳ್ಳೆಯ ಕಚ್ಚಿರುವ ಟೈರು ಮತ್ತು ಅದೇ ಅಳತೆಯ ಚೈನು ಒಯ್ದರೆ ಸಾಕು; ಚೈನು ಎಳೆಯುವ ಗಾಲಿಗೆ ಕಟ್ಟಬೇಕು, ಮನೆಯ ಪಾರ್ಕಿಂಗಿನಲ್ಲಿಯೇ ಒಮ್ಮೆ ಕಟ್ಟಿ ಅಭ್ಯಾಸ ಮಾಡಿಕೊಳ್ಳಬೇಕು, ಏಕೆಂದರೆ ಮರಗಟ್ಟಿದ ಬೆರಳಿಗೆ ಕೊಂಡಿ ಸಿಗುವುದಿಲ್ಲ. ಗಾಳಿಯನ್ನು ಅಲ್ಲಿಯೇ ಬೆಳಿಗ್ಗೆ ನೋಡಿಸಿ. ಚಳಿ ಒತ್ತಡವನ್ನು ಇಳಿಸುತ್ತದೆ, ಎತ್ತರ ಏರಿಸುತ್ತದೆ, ಪುಣೆಯಲ್ಲಿ ತುಂಬಿಸಿದ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಪೆಟ್ರೋಲು ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ನಮ್ಮ ಊರಿನ ಚಾಳಿಯನ್ನು ಮಾತ್ರ ದಯವಿಟ್ಟು ಊರಿನಲ್ಲಿಯೇ ಬಿಟ್ಟು ಬನ್ನಿ. ಕಾತ್ರಜಿನ ಹೊಸ ಸುರಂಗ ದಾಟಿ ನವಲೆ ಸೇತುವೆಯವರೆಗೆ ಇಳಿಯುವ ರಸ್ತೆಯಲ್ಲಿ ಹಾಗೆ ಬಂದ ಲಾರಿಗಳು ಏನು ಮಾಡಿವೆಯೆಂಬುದನ್ನು ಪುಣೆಯ ಯಾರನ್ನು ಬೇಕಾದರೂ ಕೇಳಿ. ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು, ಮಳೆಯಲ್ಲಾಗಲಿ ಹಿಮದಲ್ಲಾಗಲಿ.

ನಾನು ಧಾರವಾಡದಿಂದ ಹೊರಡುವಾಗಲೆಲ್ಲ ತಾಯಿ ಗೇಟಿನ ಹತ್ತಿರ ನಿಂತು "ತಮ್ಮಾ, ಸಾವಕಾಶ ಹೋಗು" ಎನ್ನುತ್ತಿದ್ದಳು. ಸಾವಕಾಶ ಎಂಬ ಆ ಒಂದು ಮಾತಿನಲ್ಲಿ ಟೈರಿನ ವಿದ್ಯೆಯ ಅರ್ಧಭಾಗ ಇತ್ತೆಂದು ನಾನು ಎಣಿಸಿರಲಿಲ್ಲ. ಈಗ ಆ ಮನೆಯಲ್ಲಿ ಬಾಡಿಗೆಯವರಿದ್ದಾರೆ. ನಾವು ಊರಿಗೆ ಹೋದರೆ ಲಾಡ್ಜಿನಲ್ಲಿ ಇಳಿಯುತ್ತೇವೆ, ಕಾರು ಅಲ್ಲಿಯ ರಸ್ತೆಯಲ್ಲಿ ಎಂಎಚ್ ನಂಬರಿನ ಪ್ರವಾಸಿಯಂತೆ ನಿಂತಿರುತ್ತದೆ.

"ಇನ್ನೊಮ್ಮೆ ಮಾಡು" ಎಂದಿದ್ದ ಮಗಳು ಈಗ ಕೆನಡಾದ ಮಾಂಟ್ರಿಯಲಿನಲ್ಲಿದ್ದಾಳೆ. ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ಅಲ್ಲಿಯ ನಮ್ಮವರು ಕೆಲವರು ಆಲ್ ವೀಲ್ ಡ್ರೈವ್ ಎಸ್‌ಯುವಿಯನ್ನೇ ಕೊಳ್ಳೆಂದು ಹೇಳಿದ್ದರಂತೆ. ಅವಳ ಕೈಯಲ್ಲಿದ್ದ ಹಣಕ್ಕೆ ಎರಡರಲ್ಲಿ ಒಂದೇ ಸಾಧ್ಯವಿತ್ತು: ಹಳೆಯ ಟೈರಿನ ದೊಡ್ಡ ಗಾಡಿ, ಇಲ್ಲವೇ ಮುಂದಿನ ಗಾಲಿ ಎಳೆಯುವ ಸಣ್ಣ ಕಾರು ಮತ್ತು ನಾಲ್ಕು ಹೊಸ ಚಳಿಗಾಲದ ಟೈರು. ಅವಳು ಕೇಳಿದ್ದು ನನ್ನನ್ನು. ಕನ್ನಡ ಪುಸ್ತಕ ಓದಲು ಬರದ ಮಗಳಿಗೆ ನಾನು ದಾಟಿಸಲು ಸಾಧ್ಯವಾದ ಆಸ್ತಿ ಇದೊಂದೇ ಇರಬಹುದೆಂದುಕೊಂಡು, ಎರೆ ಹೊಲದ ಬಂಡಿಯ ಕಥೆ ಹೇಳಿದೆ. ಬಂಡಿಯ ಅಚ್ಚು ಎಂದರೇನೆಂದು ಮರಾಠಿಯಲ್ಲಿ ಬಿಡಿಸಿ ಹೇಳಬೇಕಾಯಿತು.

ನವೆಂಬರಿನ ಒಂದು ರಾತ್ರಿ ಟೈರಿನ ಪಕ್ಕದ ಫೋಟೋ ಬಂತು. ಕೊಥರೂಡಿನ ಮನೆಯಲ್ಲಿ ಫ್ಯಾನಿನ ಕೆಳಗೆ ಕುಳಿತು ಅದನ್ನು ದೊಡ್ಡದು ಮಾಡಿ ನಾಲ್ಕು ಅಂಕಿ ಓದಿದೆ. ಅದೇ ವರ್ಷದ್ದು, ಗುಡ್ಡದ ಚಿತ್ರವೂ ಇತ್ತು. ಹಿಂದಿನ ಟೈರಿನದು ಕಳಿಸು ಎಂದೆ. "ಅಪ್ಪಾ, ಪುಢೆ ಮಾಗೆ ನಾಲ್ಕೂ ಹೊಸಾವು" ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಮತ್ತೊಂದು ಫೋಟೋ ಕಳಿಸಿದಳು.