ಲೀಗ್‌ನ ನಾಲ್ಕು ತಿಂಗಳು ಮತ್ತು ಆಟಗಾರ್ತಿಯರ ಮೊಣಕಾಲು

ಬೆಂಗಳೂರಿನಲ್ಲಿ ಫುಟ್‌ಬಾಲ್ ಆಟಗಾರ್ತಿಯರಿಗೆ ಫಿಸಿಯೋಥೆರಪಿ ನೀಡುವ ನನ್ನ ಕೆಲಸದ ರೀತಿಯನ್ನು ಇಂಡಿಯನ್ ವಿಮೆನ್ಸ್ ಲೀಗ್‌ನ ವೇಳಾಪಟ್ಟಿಯಷ್ಟು ಬದಲಿಸಿದ್ದು ಬೇರೊಂದಿಲ್ಲ. 2020ರ ಜನವರಿ–ಫೆಬ್ರುವರಿಯಲ್ಲಿ ಲೀಗ್‌ನ ಅಂತಿಮ ಹಂತ ಇಲ್ಲಿಯ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲೇ ನಡೆದು, ಗೋಕುಲಂ ಕೇರಳ ತಂಡ ಮಣಿಪುರದ ಕ್ರಿಪ್ಸಾವನ್ನು 3–2ರಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು. 12 ತಂಡಗಳ ಪಂದ್ಯಗಳೆಲ್ಲ ಮೂರು ವಾರಗಳಲ್ಲಿ ಮುಗಿಯಬೇಕಿದ್ದ ಆ ಕ್ರಮದಲ್ಲಿ ಒಂದು ಪಂದ್ಯದ ನೋವು ಇಳಿಯುವ ಮೊದಲೇ ಮುಂದಿನದು ಬರುತ್ತಿದ್ದುದರಿಂದ, ಐಸ್ ಇಡುವುದು, ಟೇಪ್ ಸುತ್ತುವುದು, ನಿದ್ದೆ ಮಾಡಿಸುವುದು ಇಷ್ಟಕ್ಕೇ ಸಮಯ ಸರಿಹೋಗುತ್ತಿತ್ತು.

2023–24ರಲ್ಲಿ ಏಳು ತಂಡಗಳು ತವರಿನಲ್ಲೊಮ್ಮೆ, ಎದುರಾಳಿಯ ಊರಿನಲ್ಲೊಮ್ಮೆ ಆಡುವ ಪದ್ಧತಿ ಬಂದು, ಪ್ರತಿ ತಂಡದ 12 ಪಂದ್ಯಗಳು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹರಡಿಕೊಂಡವು. ಸ್ನಾಯುಗಳಿಗೆ ಬಲ ತುಂಬಲು ಬಿಡುವು ಸಿಕ್ಕಿದ್ದು ಆಗಲೇ.

ನನ್ನ ಮುಖ್ಯ ಚಿಂತೆ ಮೊಣಕಾಲಿನ ಎಸಿಎಲ್, ಅಂದರೆ ತೊಡೆಮೂಳೆಯನ್ನೂ ಕಣಕಾಲಿನ ಮೂಳೆಯನ್ನೂ ಮೊಣಕಾಲಿನೊಳಗೆ ಹಿಡಿದಿಡುವ ಕಟ್ಟು. ಈ ಲಿಗಮೆಂಟ್ ಹರಿಯುವ ಅಪಾಯ ಪುರುಷರಿಗಿಂತ ಮಹಿಳಾ ಆಟಗಾರರಲ್ಲಿ ಎರಡು-ಮೂರು ಪಟ್ಟು ಹೆಚ್ಚು. ಅದೂ ಬಹಳ ಸಲ ಯಾರೂ ತಾಕದೆ, ಚೆಂಡನ್ನು ತಲೆಯಿಂದ ಹೊಡೆಯಲು ಹಾರಿ ನೆಲಕ್ಕಿಳಿಯುವಾಗಲೋ ಓಟದಲ್ಲಿ ಥಟ್ಟನೆ ದಿಕ್ಕು ಬದಲಿಸುವಾಗಲೋ ಮೊಣಕಾಲು ಒಳಕ್ಕೆ ವಾಲಿ ಹರಿಯುತ್ತದೆ. ಆದ್ದರಿಂದ ನಾನು ಮೊದಲು ತಿದ್ದಿದ್ದು ನೆಲಕ್ಕಿಳಿಯುವ ಭಂಗಿಯನ್ನು. ಒಂದು ಕಾಲಿನಲ್ಲಿ ಹಾರಿ ಇಳಿಯುವುದನ್ನು ಮೊಬೈಲ್‌ನಲ್ಲಿ ಎದುರಿನಿಂದ ಚಿತ್ರೀಕರಿಸಿ ಆಟಗಾರ್ತಿಗೇ ತೋರಿಸಿದರೆ, ಎಷ್ಟು ವಿವರಿಸಿದರೂ ಮನಸ್ಸಿಗಿಳಿಯದ ವಿಷಯ ತಕ್ಷಣ ಅರ್ಥವಾಗುತ್ತದೆ. ತರಬೇತಿಗೆ ಮೊದಲು ಗಾಯ ತಡೆಯಲೆಂದೇ ರೂಪಿಸಿದ, ಸುಮಾರು 20 ನಿಮಿಷದ ‘ಫಿಫಾ 11+’ ವಾರ್ಮ್‌ಅಪ್ ಕಡ್ಡಾಯವಾಯಿತು. ನಾರ್ವೆಯಲ್ಲಿ 13ರಿಂದ 17 ವರ್ಷದ ಆಟಗಾರ್ತಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನ, ಇದರಿಂದ ಗಂಭೀರ ಗಾಯಗಳು ಕಡಿಮೆಯಾಗುವುದನ್ನು ತೋರಿಸಿದೆ. ಬೇಸರವೆಂದು ಇದನ್ನು ಅರ್ಧಕ್ಕೆ ಬಿಡುವ ತಂಡಗಳನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ತೊಡೆಯ ಹಿಂಭಾಗದ ಸ್ನಾಯುಗಳಿಗಾಗಿ ಮಾಡಿಸುವ ನಾರ್ಡಿಕ್ ವ್ಯಾಯಾಮವು (ಮಂಡಿಯೂರಿ, ಪಾದಗಳನ್ನು ಇನ್ನೊಬ್ಬರು ಹಿಡಿದಿರುವಾಗ ಮೈಯನ್ನು ನಿಧಾನವಾಗಿ ಮುಂದಕ್ಕೆ ಇಳಿಸುವುದು) ಮೊದಮೊದಲು ಸ್ನಾಯುಗಳಲ್ಲಿ ನೋವು ತರುವುದರಿಂದ, ಅದನ್ನು ಪಂದ್ಯದ ಹಿಂದಿನ ಎರಡು ದಿನ ಮುಟ್ಟದೆ, ವಾರದ ನಡುವೆ ಕೆಲವೇ ಸಲ ಮಾಡಿಸಿ ನಿಧಾನವಾಗಿ ಏರಿಸಿದೆ. ಪಂದ್ಯದ ಮರುದಿನ ಹಗುರವಾಗಿ ಸೈಕಲ್ ತುಳಿಸಿದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಮುಟ್ಟಿನ ದಿನಗಳನ್ನೂ ದಣಿವನ್ನೂ ಅವರವರೇ ಬರೆದಿಡುವಂತೆ ಕೇಳಿಕೊಂಡೆ. ಇಷ್ಟವಿದ್ದವರು ಮಾತ್ರ ನನಗೆ ತೋರಿಸಿದರು. ಅತಿಸ್ರಾವದ ಜೊತೆ ಸುಸ್ತೂ ಇದ್ದವರನ್ನು ರಕ್ತಪರೀಕ್ಷೆಗಾಗಿ ವೈದ್ಯರ ಬಳಿ ಕಳಿಸಿದೆ. ಪ್ರಯಾಣದ ವಿಷಯದಲ್ಲಿ ನನ್ನ ನಿಯಮ ಒಂದೇ ಆಗಿತ್ತು: ದೆಹಲಿಯ ಚಳಿಯಲ್ಲಿ ವಾರ್ಮ್‌ಅಪ್ ಹಿಗ್ಗಿಸುವುದು, ಕೋಯಿಕ್ಕೋಡಿನ ಸೆಕೆಯಲ್ಲಿ ಅದನ್ನು ನೆರಳಿಗೆ ತಂದು, ಬೆವರಿನಲ್ಲಿ ಹೋದ ಉಪ್ಪನ್ನೂ ನೀರನ್ನೂ ಪಂದ್ಯ ಮುಗಿದ ಕೂಡಲೇ ತುಂಬಿಸುವುದು.