ವಾಡೆವಿಲ್ ನಟ ಹಾಡುಗಾರಿಕೆ ಬಿಟ್ಟು ಹಾಡು ಕಟ್ಟತೊಡಗಿದ್ದು ಯಾವಾಗ? ಜಾಡು ಹಿಡಿಯುವ ಬಗೆ

ಅಮೆರಿಕದ ವಾಡೆವಿಲ್ ರಂಗದಲ್ಲಿ (ಹಾಡು, ಕುಣಿತ, ಹಾಸ್ಯದ ತುಣುಕುಗಳನ್ನು ಒಂದೇ ಆಟದಲ್ಲಿ ಪೋಣಿಸಿದ ರಂಗಪ್ರದರ್ಶನ) ಕುಣಿದು ನಗಿಸಿ, ಆಮೇಲೆ ಹಾಡು ಬರೆಯಲು ಕೂತವರ ಬದುಕನ್ನು ಹುಟ್ಟಿದ ದಿನದಿಂದ ಹುಡುಕಲು ಹೋಗಬೇಡಿ. ರಂಗದವರು ಹೇಳಿಕೊಂಡ ವಯಸ್ಸನ್ನು ನಂಬಿ ಕೆಟ್ಟವರೇ ಹೆಚ್ಚು. ಅವರದೊಂದು ಹಾಡಿನ ಶೀಟ್ ಮ್ಯೂಸಿಕ್, ಅಂದರೆ ಸ್ವರಲಿಪಿ ಸಮೇತ ಅಚ್ಚಾದ ಹಾಡಿನ ಪ್ರತಿ, ಮೊದಲು ಹಿಡಿಯಿರಿ.

ಮುಖಪುಟವೇ ದಾರಿ ತಪ್ಪಿಸುತ್ತದೆ. ಅಲ್ಲಿನ ಪುಟ್ಟ ಫೋಟೊ ಸಾಮಾನ್ಯವಾಗಿ ಹಾಡಿದವರದು, ಬರೆದವರದಲ್ಲ. 1908ರ 'ಟೇಕ್ ಮಿ ಔಟ್ ಟು ದ ಬಾಲ್ ಗೇಮ್' ಸಾಹಿತ್ಯ ವಾಡೆವಿಲ್ ನಟ ಜಾಕ್ ನಾರ್ವರ್ತ್ ಅವರದು, ಸಂಗೀತ ಆಲ್ಬರ್ಟ್ ವಾನ್ ಟಿಲ್ಜರ್ ಅವರದು. ಒಂದು ಮುದ್ರಣದ ಮುಖಪುಟದಲ್ಲಿರುವುದು ಮಾತ್ರ ಗಾಯಕಿ ನೋರಾ ಬೇಯ್ಸ್. ಒಳಪುಟ ತಿರುವಿ. ಮೊದಲ ಸ್ವರಸಾಲಿನ ಮೇಲೆ ಬರೆದವರ ಹೆಸರು, ಕೆಳಅಂಚಿನ ಸಣ್ಣಕ್ಷರದಲ್ಲಿ ಹಕ್ಕುಸ್ವಾಮ್ಯದ ವರ್ಷ, ಎಷ್ಟೋ ಸಲ ರೋಮನ್ ಅಂಕಿಯಲ್ಲಿ. ಎಂಸಿಎಂವಿಐಐಐ ಅಂದರೆ 1908. ನಡುವಿನ 'ವಿ' ಕಣ್ತಪ್ಪಿದರೆ 1903 ಆಗಿಬಿಡುತ್ತದೆ. ಹೆಸರಾಂತ ಗಾಯಕರು ಹಾಡನ್ನು ರಂಗಕ್ಕೇರಿಸಿದ್ದಕ್ಕೆ ಪ್ರತಿಯಾಗಿ ಸಹಲೇಖಕರೆಂದು ಹೆಸರು ಸೇರಿಸಿಕೊಂಡು ರಾಯಲ್ಟಿಯಲ್ಲಿ ಪಾಲು ಪಡೆಯುತ್ತಿದ್ದುದೂ ಉಂಟು. ಹಾಗಾಗಿ ಒಂದೇ ಹಾಳೆ ನೋಡಿ ತೀರ್ಪು ಕೊಡಬೇಡಿ.

ಮುಂದಿನದು ಹಕ್ಕುಸ್ವಾಮ್ಯ ನೋಂದಣಿಯ ಪಟ್ಟಿ. 1909ರ ಕಾನೂನಿನಲ್ಲಿ ಮೊದಲ ಅವಧಿ 28 ವರ್ಷ, ಕೊನೆಯ ವರ್ಷದಲ್ಲಿ ನವೀಕರಣ. 1915ರ ಹಾಡಾದರೆ 1942-43ರ ಸಂಪುಟ ತೆಗೆಯಿರಿ. ನವೀಕರಣ ಹೆಂಡತಿ ಅಥವಾ ಮಕ್ಕಳ ಹೆಸರಲ್ಲಿದ್ದರೆ ಬರೆದವರು ಅಷ್ಟರಲ್ಲಿ ತೀರಿಕೊಂಡಿದ್ದರೆಂದು ಲೆಕ್ಕ. ಮನೆಯವರ ಸುಳಿವೂ ಅಲ್ಲೇ ಸಿಕ್ಕೀತು.

ರಂಗದ ದಿನಗಳಿಗೆ 'ವೆರೈಟಿ' (1905ರಿಂದ) ಮತ್ತು 1924ರಲ್ಲಿ ನಿಂತ 'ನ್ಯೂಯಾರ್ಕ್ ಕ್ಲಿಪರ್' ಪತ್ರಿಕೆಗಳಿವೆ. ವಾರ, ಊರು, ಥಿಯೇಟರ್ ಎಂದು ಮೂರು ಕಾಲಂ ಗೆರೆ ಹಾಕಿ ಬರೆದುಕೊಳ್ಳಿ. ದಿನಕ್ಕೆ ಎರಡು ಆಟವಿದ್ದರೆ ದೊಡ್ಡ ಸರ್ಕ್ಯೂಟ್ (ನಟರು ಸರದಿಯಲ್ಲಿ ಸುತ್ತುವ ಥಿಯೇಟರ್‌ಗಳ ಸರಪಳಿ), ಮೂರು ಅಥವಾ ಅದಕ್ಕೂ ಹೆಚ್ಚಾದರೆ ಚಿಕ್ಕದು. ಹೆಸರು ಥಿಯೇಟರ್ ಪಟ್ಟಿಯಿಂದ ಮಾಯವಾಗಿ ಪ್ರಕಾಶಕರ ಜಾಹೀರಾತಿನಲ್ಲಿ ಕಾಣತೊಡಗಿದ ವಾರವೇ ನಿಮಗೆ ಬೇಕಾದ ತಿರುವು.

ನಿಜನಾಮ ಕೊನೆಗೆ. ಆಲ್ಬರ್ಟ್ ಅವರ ಅಣ್ಣ, ಹಾಡು ಕಟ್ಟುತ್ತಿದ್ದ ಹ್ಯಾರಿ ವಾನ್ ಟಿಲ್ಜರ್ ಅವರ ಹುಟ್ಟುಹೆಸರು ಆರನ್ ಗುಂಬಿನ್ಸ್ಕಿ. ರಂಗನಾಮ ಹಿಡಿದು ಬಾಲ್ಯದ ಜನಗಣತಿ ಜಾಲಾಡಿದರೆ ಏನೂ ಸಿಗದು. 1890ರ ಗಣತಿಯಂತೂ 1921ರ ಬೆಂಕಿಯ ನಂತರ ಬಹುಪಾಲು ಇಲ್ಲ, 1880ರಿಂದ ನೇರ 1900ಕ್ಕೆ ಹಾರಬೇಕು. ಗಂಡಸರಾದರೆ 1917-18ರ ಸೈನ್ಯ ನೋಂದಣಿ ಚೀಟಿಯಲ್ಲಿ ಕಸುಬು, ವಿಳಾಸ ಎರಡೂ ಇರುತ್ತವೆ. ಊರೂರು ತಿರುಗುವವರು ಗಣತಿಯಲ್ಲಿ ಹೋಟೆಲಿನಲ್ಲೊಮ್ಮೆ, ಅಪ್ಪನ ಮನೆಯಲ್ಲೊಮ್ಮೆ ಎಣಿಕೆಯಾಗಿರಬಹುದು. ಎರಡನ್ನೂ ಇಬ್ಬರೆಂದು ಬರೆದುಕೊಳ್ಳಬೇಡಿ.