ಬಳ್ಳಾರಿ ಸೆಕೆಯಲ್ಲಿ ರಮ್, ಟಕೀಲಾ ರುಚಿ ನೋಡುವುದು: ನನ್ನ ಅನುಭವ

ಬಳ್ಳಾರಿಯಲ್ಲಿ ಏಪ್ರಿಲ್ ಸಂಜೆ ಏಳು ಗಂಟೆಗೂ ಮನೆಯೊಳಗೆ 35–36 ಡಿಗ್ರಿ. ಆ ಸೆಕೆಯಲ್ಲಿ ರಮ್ ಬಾಟಲಿಯ ಬಿರಡೆ ಬಿಚ್ಚಿ ಗ್ಲಾಸಿಗೆ ಬಗ್ಗಿಸಿದರೆ ಮೂಗಿಗೆ ರಪ್ಪನೆ ಬಡಿಯುವುದು ಸ್ಪಿರಿಟ್ಟಿನ ಘಾಟು. ಒಳಗಿರುವ ಬೆಲ್ಲ, ಬಾಳೆಹಣ್ಣು, ಕಟ್ಟಿಗೆಯ ವಾಸನೆಯೆಲ್ಲ ಅದರ ಹಿಂದೆ ಮುಚ್ಚಿಹೋಗುತ್ತದೆ. "ಭಾಳ ಘಾಟು ಐತಲೇ" ಅಂತ ಅರ್ಧ ಗ್ಲಾಸ್ ಕೋಲಾ ಸುರಿದು ಕೆಲಸ ಮುಗಿಸುತ್ತಾರೆ. ನಮ್ಮ ಕಡೆ ರಮ್ಮಿಗೆ ಅಂಟಿರುವ ಅರ್ಧ ಕೆಟ್ಟ ಹೆಸರು ಈ ಸೆಕೆಯಿಂದ ಬಂದದ್ದು. ಕತ್ತಾಳೆಯಿಂದ ಇಳಿಸುವ ಮೆಕ್ಸಿಕೋದ ಮದ್ಯ ಟಕೀಲಾದ ಕೆಟ್ಟ ಹೆಸರು ಅದರ ಜೊತೆ ಉಪ್ಪು ನೆಕ್ಕಿ ನಿಂಬೆ ಕಚ್ಚುವ ಪದ್ಧತಿಯಿಂದ ಬಂದದ್ದು.

ಹಾಗಾಗಿ ರುಚಿ ನೋಡಲು ಕೂತಾಗ ನನ್ನ ಮೊದಲ ಕೆಲಸ ತಣಿಸುವುದು. ಫ್ರಿಜ್ಜಿನಲ್ಲಿಟ್ಟು ಮರೆತರೆ ಇನ್ನೊಂದು ತುದಿಗೆ ಹೋಗುತ್ತದೆ; 5 ಡಿಗ್ರಿಗೆ ಇಳಿದ ಟಕೀಲಾದಲ್ಲಿ ವಾಸನೆ ಸತ್ತೇ ಹೋಗಿರುತ್ತದೆ. ಬೇಕಾದ್ದು 20ರಿಂದ 24 ಡಿಗ್ರಿ. ಬಕೆಟ್ಟಿಗೆ ಹರವಿ ನೀರು ಸುರಿದು ಬಾಟಲಿಯನ್ನು ಕುತ್ತಿಗೆ ತನಕ ಮುಳುಗಿಸಿ ಮುಕ್ಕಾಲು ಗಂಟೆ ಬಿಡುತ್ತೇನೆ. ನಮ್ಮ ಒಣ ಹವೆಯಲ್ಲಿ ಹರವಿ ನೀರು ಚೆನ್ನಾಗಿ ತಣ್ಣಗಾಗುತ್ತದೆ. ಮಳೆಗಾಲದಲ್ಲಿ ಈ ಉಪಾಯ ನಡೆಯುವುದಿಲ್ಲ, ಆಗ ಬಕೆಟ್ಟಿಗೆ ನಾಲ್ಕು ಐಸ್ ತುಂಡು ಹಾಕಲೇಬೇಕು.

ಗ್ಲಾಸು ಸಣ್ಣದಿರಲಿ, ಹೊಟ್ಟೆ ಅಗಲ, ಬಾಯಿ ಒಳಕ್ಕೆ ಬಾಗಿದ್ದು. ಸ್ಟೀಲ್ ಲೋಟ ಬೇಡ: ಬಣ್ಣ ಕಾಣುವುದಿಲ್ಲ, ಅಗಲ ಬಾಯಿಂದ ವಾಸನೆಯೂ ನಿಲ್ಲುವುದಿಲ್ಲ. ಪಾತ್ರೆ ಸೋಪಿನ ನಿಂಬೆ ವಾಸನೆ ಗ್ಲಾಸಿಗೆ ಹಿಡಿದಿರುತ್ತದೆ; ಅದು ಟಕೀಲಾದ್ದೇ ವಾಸನೆ ಅಂತ ಹೊಗಳಿದವರನ್ನು ಕಂಡಿದ್ದೇನೆ. ಬಿಸಿನೀರಲ್ಲಿ ಎರಡು ಸಲ ಅಲುಬಿ, ಬಟ್ಟೆಯಿಂದ ಒರೆಸದೆ ಬೋರಲು ಹಾಕಿ ಒಣಗಿಸಿ.

ಅಳತೆಗೆ ಔಷಧಿ ಅಂಗಡಿಯ 10 ಎಂಎಲ್ ಸಿರಿಂಜು, ಸೂಜಿ ತೆಗೆದದ್ದು. ಇದಕ್ಕಿಂತ ಒಳ್ಳೆಯ ಸಾಮಾನು ಕಂಡಿಲ್ಲ. ಪ್ರತಿ ಬಾಟಲಿಗೆ ಎರಡು ಗ್ಲಾಸು: ಒಂದರಲ್ಲಿ 10 ಎಂಎಲ್ ಹಾಗೇ, ಇನ್ನೊಂದರಲ್ಲಿ 10 ಎಂಎಲ್‌ಗೆ 4.3 ಎಂಎಲ್ ನೀರು. ನಮ್ಮಲ್ಲಿ ಸಿಗುವ ರಮ್ಮಿನ ಮೇಲೆ ಸಾಮಾನ್ಯವಾಗಿ 42.8% ಆಲ್ಕೋಹಾಲ್ ಅಂತ ಇರುತ್ತದೆ. ಈ ಲೆಕ್ಕದಲ್ಲಿ ಎರಡನೇ ಗ್ಲಾಸು ಸರಿಯಾಗಿ 30%ಕ್ಕೆ ಇಳಿಯುತ್ತದೆ. ಘಾಟು ಅಡಗಿ ವಾಸನೆ ಬಿಚ್ಚಿಕೊಳ್ಳುವುದು ಅಲ್ಲೇ. (ಈ 42.8 ಅನ್ನುವ ವಿಚಿತ್ರ ಅಂಕಿ ಬ್ರಿಟಿಷರ ಪ್ರೂಫ್ ಲೆಕ್ಕದ್ದು. ಅವರ 100 ಪ್ರೂಫ್ ಅಂದರೆ 57.1%, ಅದರ ಮುಕ್ಕಾಲು ಭಾಗ 42.8. ಲೇಬಲ್ ಮೇಲೆ 25 ಯು.ಪಿ., ಅಂದರೆ ಅಂಡರ್ ಪ್ರೂಫ್ (100ಕ್ಕಿಂತ 25 ಕಡಿಮೆ) ಅಂತ ಬರೆಯುವುದು ಇದನ್ನೇ.) ಬೋರ್‌ವೆಲ್ ನೀರು ಮಾತ್ರ ಬೇಡ. ನಮ್ಮ ಗಡಸು ನೀರು ರುಚಿಯನ್ನು ಸಪ್ಪೆ ಮಾಡಿ ಸುಣ್ಣದ ಬಾಯಿ ತರುತ್ತದೆ. ಕ್ಯಾನ್ ನೀರು ಸಾಕು. ಐಸಿಗೂ ಇದೇ ಮಾತು.

ಒಂದೇ ದಿನಕ್ಕೆ ಮೂರು ಬಾಟಲಿ ಮಿತಿ. ಒಟ್ಟು 60 ಎಂಎಲ್, ಅಂದರೆ ಸುಮಾರು 20 ಗ್ರಾಂ ಶುದ್ಧ ಆಲ್ಕೋಹಾಲ್. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ನಾಲಗೆ ಎಲ್ಲದಕ್ಕೂ "ಚಲೋ ಐತಿ" ಅನ್ನುತ್ತದೆ. ಕ್ರಮವೂ ಮುಖ್ಯ. ಬಿಳಿ ಟಕೀಲಾ ಮೊದಲು, ಕಟ್ಟಿಗೆ ಪೀಪಾಯಿಯಲ್ಲಿ ಕೂತು ಹಳತಾದದ್ದು ಆಮೇಲೆ, ಕರಿ ರಮ್ ಕೊನೆಗೆ. ಉಲ್ಟಾ ಮಾಡಿದರೆ ರಮ್ಮಿನ ಸಿಹಿ ನಾಲಗೆ ಮೇಲೆ ಕೂತು, ಬಿಳಿ ಟಕೀಲಾ ಬರೀ ಕಹಿಯಾಗಿ ಕಾಣುತ್ತದೆ. ಒಗ್ಗರಣಿ-ಮಿರ್ಚಿ ಪ್ಲೇಟು ಎಲ್ಲ ಮುಗಿದ ಮೇಲೆ. ಖಾರ ತಿಂದ ಬಾಯಿಗೆ ಸ್ಪಿರಿಟ್ ಬಿದ್ದರೆ ಉರಿ ಬಿಟ್ಟು ಬೇರೇನೂ ಗೊತ್ತಾಗುವುದಿಲ್ಲ. ಮಧ್ಯೆ ಉಪ್ಪಿಲ್ಲದ ಹುರಿದ ಶೇಂಗಾ ನಾಲ್ಕು ಕಾಳು, ಒಂದು ಗುಟುಕು ನೀರು.

ಮೂಗಿಗೆ ಪಾಠ ಬೇಕು. ಆರು ಸಣ್ಣ ಬಟ್ಟಲು ಇಡುತ್ತೇನೆ: ನೆನೆಸಿದ ಬೆಲ್ಲ, ತವಾ ಮೇಲೆ ಕಪ್ಪಾಗುವ ತನಕ ಸುಟ್ಟ ಸಕ್ಕರೆ, ಹೆಚ್ಚು ಹಣ್ಣಾದ ಬಾಳೆ, ಅನಾನಸ್ ಸಿಪ್ಪೆ, ಕೆಂಡದಲ್ಲಿ ಸುಟ್ಟ ಗೆಣಸು, ಜಜ್ಜಿದ ಕರಿಮೆಣಸು. ಗ್ಲಾಸನ್ನು ಗದ್ದದ ಮಟ್ಟಕ್ಕೆ ಹಿಡಿದು, ಬಾಯಿ ಸ್ವಲ್ಪ ತೆರೆದು ಉಸಿರೆಳೆಯಬೇಕು. ಮೂಗನ್ನು ಗ್ಲಾಸಿನೊಳಗೆ ತುರುಕಿದರೆ ಮುಂದಿನ ಎರಡು ನಿಮಿಷ ಮೂಗು ಕೆಲಸ ಮಾಡುವುದಿಲ್ಲ. ಮೊದಲ ಗುಟುಕು ನಾಲಗೆ ಒಗ್ಗಲಿ ಅಂತ, ಲೆಕ್ಕಕ್ಕಿಲ್ಲ. ಎರಡನೆಯದರಿಂದ ತೀರ್ಮಾನ.

ಈಗ ರಮ್ಮಿಗೆ ಬರೋಣ. ಕಂಪ್ಲಿ, ಸಿರುಗುಪ್ಪ ಕಡೆ ತುಂಗಭದ್ರಾ ನೀರಿಗೆ ಬೆಳೆಯುವ ಕಬ್ಬನ್ನು ನೋಡಿದವರಿಗೆ ಅರ್ಧ ಕಥೆ ಗೊತ್ತೇ ಇದೆ. ಸಕ್ಕರೆ ಹರಳು ತೆಗೆದ ಮೇಲೆ ಉಳಿಯುವ ಕಪ್ಪು ಅಂಟು ಕಾಕಂಬಿಯಲ್ಲಿ ಇನ್ನೂ 45–50% ಸಕ್ಕರೆ ಇರುತ್ತದೆ. ಅದನ್ನು ನೀರಿನಲ್ಲಿ ತೆಳು ಮಾಡಿ ಯೀಸ್ಟ್ ಹಾಕಿದರೆ ಒಂದೂವರೆ ದಿನದಲ್ಲಿ ಹುದುಗಿ 7–9% ಆಲ್ಕೋಹಾಲ್ ಬರುತ್ತದೆ. ಹದ 30–33 ಡಿಗ್ರಿ. 36 ದಾಟಿದರೆ ಯೀಸ್ಟ್ ಸುಸ್ತಾಗಿ ಸಕ್ಕರೆ ಅರ್ಧಕ್ಕೇ ಬಿಡುತ್ತದೆ. ಹುದುಗುವಾಗ ಅದೇ ಬಿಸಿ ಕಕ್ಕುವುದರಿಂದ ನಮ್ಮಂಥ ಊರಲ್ಲಿ ತೊಟ್ಟಿಗೆ ತಣ್ಣೀರು ಸುತ್ತಿಸದೆ ಗತಿಯಿಲ್ಲ. ಕೊನೆಯ ಹಂತದ ಕಾಕಂಬಿ ಒಂದು ಟನ್ನಿಗೆ ಸುಮಾರು 225 ಲೀಟರ್ ಆಲ್ಕೋಹಾಲ್ ಲೆಕ್ಕ.

ಮುಂದೆ ಬಟ್ಟಿ ಇಳಿಸುವ ಬಗೆಯಲ್ಲೇ ರುಚಿಯ ಹಣೆಬರಹ. ಎತ್ತರದ ಕಾಲಂನಲ್ಲಿ (ಕಂಬದಂಥ ಬಟ್ಟಿ ಯಂತ್ರ) 96% ತನಕ ಏರಿಸಿದರೆ ಕಬ್ಬಿನ ನೆನಪೂ ಉಳಿಯುವುದಿಲ್ಲ. ಜಮೈಕಾದವರು ವಾರಗಟ್ಟಲೆ ಹುದುಗಿಸಿ, ಹಿಂದಿನ ಬಟ್ಟಿಯ ಗಸಿಯನ್ನೇ ಹೊಸದಕ್ಕೆ ಬೆರೆಸಿ, ತಾಮ್ರದ ಹಂಡೆಯಲ್ಲಿ ಇಳಿಸುತ್ತಾರೆ. ಅನಾನಸ್, ಕೊಳೆತ ಬಾಳೆಯ ಗಾಢ ವಾಸನೆ ಅಲ್ಲಿಂದ ಬರುತ್ತದೆ. ಮಾರ್ಟಿನಿಕ್ ದ್ವೀಪದಲ್ಲಿ ಕಾಕಂಬಿ ಮುಟ್ಟದೆ ಹಸಿ ಕಬ್ಬಿನ ಹಾಲಿನಿಂದಲೇ ಮಾಡುತ್ತಾರೆ, ಹುಲ್ಲಿನ ವಾಸನೆ. ನಮ್ಮ ಬೆಂಗಳೂರಿನ ಅಮೃತ್ ಕಂಪನಿಯ ಟೂ ಇಂಡೀಸ್ ರಮ್ಮಿನಲ್ಲಿ ಬೆಲ್ಲದಿಂದ ಇಳಿಸಿದ್ದಕ್ಕೆ ಕೆರಿಬಿಯನ್ ರಮ್ ಬೆರೆತಿದೆ. ಕಾಕಂಬಿ ರಮ್ಮಿನ ಪಕ್ಕ ಅದನ್ನಿಟ್ಟು ನೋಡಿ. ಬೆಲ್ಲದಲ್ಲಿ ಕಬ್ಬಿನ ಹಾಲು ಪೂರ್ತಿ ಇರುವುದರಿಂದ ವಾಸನೆ ದುಂಡಗಿರುತ್ತದೆ. 1954ರಿಂದ ಇರುವ ಓಲ್ಡ್ ಮಂಕ್ ಬೇರೆ ದಾರಿಯದು, ವೆನಿಲ್ಲಾ ಮುಂದೆ, ಕಟ್ಟಿಗೆ ಹಿಂದೆ.

ಇಲ್ಲೊಂದು ತಮಾಷೆ. ರಮ್ ಅಂದರೆ ಲಾರಿ ಡ್ರೈವರು, ಮಿಲಿಟರಿ ಕ್ಯಾಂಟೀನು ಅಂತ ಮೂಗು ಮುರಿದು ಅಗ್ಗದ ವಿಸ್ಕಿ ಕ್ವಾರ್ಟರ್ ಕೇಳುವವರು ಕುಡಿಯುವುದೂ ಬಹಳ ಸಲ ಕಾಕಂಬಿಯನ್ನೇ. ದೇಶದ ಎಷ್ಟೋ ಅಗ್ಗದ ವಿಸ್ಕಿಯ ಬುಡ ಅದೇ 96%ರ ಸ್ಪಿರಿಟ್. ಯುರೋಪಿನಲ್ಲಿ ಅದಕ್ಕೆ ವಿಸ್ಕಿ ಅನ್ನುವ ಹೆಸರೇ ಸಿಗುವುದಿಲ್ಲ. "ರಮ್ ಹೀಟು, ಬ್ಯಾಸಿಗಿಗೆ ಆಗಂಗಿಲ್ಲ" ಅನ್ನುವುದೂ ಅಷ್ಟೇ. ಯಾವ ಆಲ್ಕೋಹಾಲ್ ಆದರೂ ಚರ್ಮದ ರಕ್ತನಾಳ ಹಿಗ್ಗಿಸುತ್ತದೆ, ಮೈ ಬಿಸಿಯಾದಂತೆ ಅನ್ನಿಸುತ್ತದೆ. ನಿಜಕ್ಕೂ ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ಬೇಸಿಗೆಯಲ್ಲಿ ತೊಂದರೆ ಕೊಡುವುದು ನೀರಡಿಕೆ. ಒಂದು ಪೆಗ್ಗಿಗೆ ಒಂದು ದೊಡ್ಡ ಲೋಟ ನೀರು ಅಂತ ನಾನು ಲೆಕ್ಕ ಇಟ್ಟಿದ್ದೇನೆ.

ಬಣ್ಣ ಕರ್ರಗಿದ್ದರೆ ಹಳೇ ಮಾಲು ಅನ್ನುವ ನಂಬಿಕೆಯನ್ನು ಒಂದು ತಟ್ಟೆ ಬಿಡಿಸುತ್ತದೆ. ಬಿಳಿ ಪಿಂಗಾಣಿ ತಟ್ಟೆಗೆ 5 ಎಂಎಲ್ ರಮ್ ಸುರಿದು ಫ್ಯಾನ್ ಕೆಳಗೆ ಬಿಡಿ. ಒಣಗಿದ ಮೇಲೆ ಬೆರಳಿಟ್ಟು ಎತ್ತಿ. ಬೆರಳು ಅಂಟಿ ಚಿಟ್ಟೆನ್ನುವಂತಿದ್ದರೆ ಸಕ್ಕರೆ ಬಿದ್ದಿದೆ. ಕಂದು ಉಂಗುರ ದಪ್ಪಗೆ ಉಳಿದರೆ ಕ್ಯಾರಮೆಲ್ ಬಣ್ಣ. ಪೀಪಾಯಿಯ ರಸದಿಂದ ತೆಳ್ಳನೆ ಪೊರೆ ಬರುವುದು ಸಹಜ, ಅದನ್ನೇ ಹಿಡಿದು ಕಲಬೆರಕೆ ಅನ್ನಬೇಡಿ. ವಯಸ್ಸಿನ ಅಂಕಿಯನ್ನೂ ಊರು ನೋಡಿ ಓದಬೇಕು. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2% ಆವಿಯಾದರೆ ಬೆಂಗಳೂರಿನಲ್ಲಿ 10–12% ಹೋಗುತ್ತದೆ. ನಮ್ಮ ಬಿಸಿಲಿಗೆ ಕಟ್ಟಿಗೆ ಬೇಗ ರಸ ಬಿಡುತ್ತದೆ, ಅತಿಯಾದರೆ ಬರೀ ಒಗರು.

ಟಕೀಲಾಕ್ಕೆ ನಮ್ಮವರಿಗೆ ಅರ್ಥವಾಗುವ ಬಾಗಿಲು ಕತ್ತಾಳೆ. ರೈಲು ಹಳಿ ಪಕ್ಕ, ಹೊಲದ ಬದುವಿನ ಮೇಲೆ ಮುಳ್ಳಿನ ಕತ್ತಿಯಂಥ ಎಲೆ ಚಾಚಿ ನಿಂತು, ಸಾಯುವ ಮುಂಚೆ ಕರೆಂಟ್ ಕಂಬದಂತೆ ಹೂವಿನ ದಂಟು ಎತ್ತುತ್ತದಲ್ಲ, ಅದೇ ಕುಲ. ಪಾಪಸ್‌ಕಳ್ಳಿಯಿಂದ ಮಾಡುತ್ತಾರೆ ಅನ್ನುವುದು ಸುಳ್ಳು, ಕಳ್ಳಿಗೂ ಇದಕ್ಕೂ ಸಂಬಂಧವಿಲ್ಲ. ಮೆಕ್ಸಿಕೋದಲ್ಲಿ ನೀಲಿ ಕತ್ತಾಳೆ ಅನ್ನುವ ಒಂದೇ ಜಾತಿಯಿಂದ, ಹಲಿಸ್ಕೋ ರಾಜ್ಯ ಮತ್ತು ಅಕ್ಕಪಕ್ಕದ ನಿಗದಿತ ಭಾಗಗಳಲ್ಲಿ ಮಾಡಿದ್ದಕ್ಕೆ ಮಾತ್ರ ಟಕೀಲಾ ಹೆಸರು. 1974ರಿಂದ ಅದು ಕಾನೂನು. ಗಿಡಕ್ಕೆ 6–8 ವರ್ಷ ಬೇಕು. ದಂಟು ಎದ್ದರೆ ಸಕ್ಕರೆಯೆಲ್ಲ ಅದಕ್ಕೇ ಖರ್ಚಾಗುತ್ತದೆ ಅಂತ ಚಿಗುರಲ್ಲೇ ಕತ್ತರಿಸುತ್ತಾರೆ. ಎಲೆ ಸವರಿದ ಗಡ್ಡೆ 40–50 ಕಿಲೋ ತೂಗುತ್ತದೆ, ನೋಡಲು ದೈತ್ಯ ಅನಾನಸ್.

ಹಸಿ ಗಡ್ಡೆ ಹುದುಗುವುದಿಲ್ಲ. ಅದರಲ್ಲಿರುವುದು ಇನ್ಯುಲಿನ್ ಅನ್ನುವ ಪಿಷ್ಟದಂಥ ವಸ್ತು, ಬೇಯಿಸಿದರೆ ಮಾತ್ರ ಒಡೆದು ಫ್ರಕ್ಟೋಸ್ ಸಕ್ಕರೆಯಾಗುತ್ತದೆ. ಇಟ್ಟಿಗೆ ಒಲೆಯಲ್ಲಿ ಒಂದೂವರೆ-ಎರಡು ದಿನ ಬೇಯಿಸಿದ್ದಕ್ಕೆ ಸುಟ್ಟ ಗೆಣಸಿನ ವಾಸನೆ ಬರುತ್ತದೆ (ಆ ಬಟ್ಟಲು ಇಟ್ಟದ್ದು ಇದಕ್ಕೇ). ದೊಡ್ಡ ಕುಕ್ಕರಿನಂಥ ಆಟೋಕ್ಲೇವಿನಲ್ಲಿ ಅರ್ಧ ದಿನಕ್ಕೇ ಮುಗಿಸಿದರೆ ವಾಸನೆ ತೆಳು. ನಮ್ಮ ಬದುವಿನ ಕತ್ತಾಳೆಯನ್ನು ಕಡಿದು ನೋಡುವ ಹುಮ್ಮಸ್ಸು ಬೇಡ: ರಸ ತಾಗಿದ ಕೈ ದಿನವಿಡೀ ತುರಿಸುತ್ತದೆ, ಲೈಸೆನ್ಸ್ ಇಲ್ಲದೆ ಬಟ್ಟಿ ಇಳಿಸುವುದಂತೂ ಅಪರಾಧ. ದಖ್ಖನ್ ಕತ್ತಾಳೆಯ ರುಚಿ ಬೇಕಿದ್ದರೆ ಚಿತ್ತೂರು ಜಿಲ್ಲೆಯಲ್ಲಿ ಇಳಿಸುವ ಡೆಸ್ಮಂಡ್‌ಜಿ ಅನ್ನುವ ಮದ್ಯ ಇದೆ. ಅದಕ್ಕೆ ಟಕೀಲಾ ಹೆಸರಿಲ್ಲ, ಕುಲ ಅದೇ.

ಟಕೀಲಾ ಕೊಳ್ಳುವಾಗ ನಾನು ನೋಡುವುದು ಒಂದೇ ಸಾಲು, 100% ಅಗಾವೆ (ಅಂದರೆ ಕತ್ತಾಳೆ). ಆ ಸಾಲಿಲ್ಲದಿದ್ದರೆ ಕಾನೂನಿನ ಪ್ರಕಾರ 51% ಸಕ್ಕರೆ ಮಾತ್ರ ಕತ್ತಾಳೆಯದ್ದಾದರೆ ಸಾಕು, ಮಿಕ್ಕದ್ದು ಕಬ್ಬಿನದೂ ಆಗಬಹುದು. ಅಂದರೆ ಅಷ್ಟು ದುಡ್ಡು ಕೊಟ್ಟು ಅರ್ಧ ನಮ್ಮೂರ ಮಾಲನ್ನೇ ತಂದಂತೆ. ಬ್ಲಾಂಕೊ ಅಂದರೆ ಪೀಪಾಯಿ ಕಾಣದ್ದು ಅಥವಾ ಎರಡು ತಿಂಗಳೊಳಗಿನದು, ರೆಪೊಸಾಡೊ ಎರಡು ತಿಂಗಳಿಂದ ವರ್ಷ, ಅನ್ಯೆಹೊ ಒಂದರಿಂದ ಮೂರು ವರ್ಷ. ಗೋಲ್ಡ್ ಅಂತ ಬರೆದ ಬಂಗಾರ ಬಣ್ಣದ್ದು ಬಹಳ ಸಲ ಕ್ಯಾರಮೆಲ್. ಗಿಡದ ರುಚಿ ಕಲಿಯುವವರು ಬ್ಲಾಂಕೊದಿಂದಲೇ ಶುರು ಮಾಡಬೇಕು. ಬಾಟಲಿಯಲ್ಲಿ ಹುಳು ಹುಡುಕಬೇಡಿ, ಅದು ಕತ್ತಾಳೆಯದೇ ಇನ್ನೊಂದು ಮದ್ಯವಾದ ಮೆಸ್ಕಲ್‌ನ ಕೆಲವು ಬಾಟಲಿಗಳ ಆಟ.

ಉಪ್ಪು ನೆಕ್ಕಿ, ಗಟಗಟ ಇಳಿಸಿ, ನಿಂಬೆ ಕಚ್ಚುವ ಪದ್ಧತಿ ಒರಟು ಮಾಲನ್ನು ದಾಟಿಸಲು ಚೆನ್ನಾಗಿದೆ. ಉಪ್ಪು ಕಹಿಯನ್ನು ಅಡಗಿಸುತ್ತದೆ, ಹುಳಿ ಬಾಯಿ ತುಂಬಾ ಆವರಿಸುತ್ತದೆ, ಮಧ್ಯೆ ಟಕೀಲಾ ಎಲ್ಲಿ ಹೋಯಿತೋ ದೇವರೇ ಬಲ್ಲ. ಹಲಿಸ್ಕೋದಲ್ಲಿ ಪಕ್ಕಕ್ಕೆ ಸಂಗ್ರಿತಾ ಅನ್ನುವ ಹುಳಿ-ಖಾರದ ಪಾನಕ ಇಟ್ಟುಕೊಂಡು ಒಂದೊಂದೇ ಗುಟುಕು ಹೀರುತ್ತಾರೆ. ನಾನು ಮಾಡುವುದು ನಾಲ್ಕು ಜನಕ್ಕೆ: ಕುಷ್ಟಗಿ ಕಡೆಯ ದಾಳಿಂಬೆ ರಸ 60 ಎಂಎಲ್, ಮೋಸಂಬಿ ರಸ 60, ನಿಂಬೆರಸ 20, ಬ್ಯಾಡಗಿ ಖಾರದ ಪುಡಿ ಕಾಲು ಚಮಚ, ಉಪ್ಪು ಎರಡು ಚಿಟಿಕೆ. ಹದಿನೈದು ನಿಮಿಷ ಬಿಟ್ಟು ಸೋಸಬೇಕು. ದಾಳಿಂಬೆಯನ್ನು ಮಿಕ್ಸಿಗೆ ಹಾಕಿದರೆ ಬೀಜ ಒಡೆದು ಒಗರಾಗುತ್ತದೆ. ಬಟ್ಟೆಯಲ್ಲಿ ಹಾಕಿ ಹಿಂಡಿ. ಮೋಸಂಬಿ ಹಿಂಡಿ ಇಟ್ಟರೆ ಕಹಿಯಾಗುತ್ತದೆ, ಕೊನೆಗೆ ಹಿಂಡಿ.

ರಮ್ಮಿಗೆ ಕೋಲಾ ಬದಲು ಕಬ್ಬಿನ ಹಾಲು. ರಮ್ 45, ಕಬ್ಬಿನ ಹಾಲು 90, ನಿಂಬೆರಸ 10 ಎಂಎಲ್, ಚೂರು ಕರಿ ಉಪ್ಪು. ಅಂಗಡಿಯವನಿಗೆ "ಅಣ್ಣ, ಐಸ್ ಬ್ಯಾಡ, ಶುಂಠಿ-ಪುದೀನ ಬ್ಯಾಡ, ಬರೇ ಹಾಲು" ಅಂತ ಮೊದಲೇ ಹೇಳಬೇಕು. ಹಾಲು ಗಾಳಿಗೆ ಬಿದ್ದೊಡನೆ ಕಪ್ಪಾಗುತ್ತಾ ಹೋಗುತ್ತದೆ, ಇಪ್ಪತ್ತು ನಿಮಿಷದಲ್ಲಿ ಗದ್ದೆ ನೀರಿನ ಬಣ್ಣ. ನಿಂಬೆರಸವನ್ನು ಪಾತ್ರೆಗೆ ಮೊದಲೇ ಹಾಕಿಕೊಂಡು ಹೋದರೆ ಬಣ್ಣ ತಡೆಯುತ್ತದೆ. ಚಳಿಗಾಲಕ್ಕೆ ರಮ್ 45, ಬೆಲ್ಲ 8 ಗ್ರಾಂ, ಮೂರು ಜಜ್ಜಿದ ಮೆಣಸು, ಬಿಸಿನೀರು 100 ಎಂಎಲ್. ನೀರು ಕುದಿಸಿ ಇಳಿಸಿ ಐದು ನಿಮಿಷ ಬಿಟ್ಟೇ ಸುರಿಯಬೇಕು. 78 ಡಿಗ್ರಿಗೇ ಆಲ್ಕೋಹಾಲ್ ಕುದಿಯುವುದರಿಂದ, ಕುದಿ ನೀರಿನ ಲೋಟಕ್ಕೆ ಬಾಯಿಟ್ಟರೆ ಆ ಹಬೆ ಕಣ್ಣಿಗೇ ಹೊಡೆಯುತ್ತದೆ.

ನಮ್ಮೂರಲ್ಲಿ ಬಾಟಲಿ ಕೆಡುವುದು ಪಡುವಣ ಗೋಡೆಯ ಅಲಮಾರಿನಲ್ಲಿ. ಮಧ್ಯಾಹ್ನದ ಬಿಸಿಲು ಕುಡಿದ ಗೋಡೆ ರಾತ್ರಿಯಿಡೀ ಕಾವು ಬಿಡುತ್ತದೆ, ಕಾರ್ಕ್ ಒಣಗಿ ಬಿರಿಯುತ್ತದೆ. ಮಂಚದ ಕೆಳಗೆ ನೆಲದ ಮೇಲೆ ಇಡಿ, ನಿಲ್ಲಿಸಿಯೇ ಇಡಿ. ಮಲಗಿಸಿದರೆ ಸ್ಪಿರಿಟ್ ಕಾರ್ಕನ್ನು ತಿನ್ನುತ್ತದೆ. ಕಾಲು ಭಾಗ ಉಳಿದಿದ್ದರೆ ತೊಳೆದು ಒಣಗಿಸಿದ ಕ್ವಾರ್ಟರ್ ಬಾಟಲಿಗೆ ತುಂಬಿ ಗಾಳಿ ಕಡಿಮೆ ಮಾಡಿ. ಆಂಧ್ರದ ಗಡಿ ಹತ್ತಿರ ಅಂತ ಅಲ್ಲಿಂದ ತರಬೇಡಿ. ಮುಚ್ಚಳದ ಮೇಲೆ ಕರ್ನಾಟಕ ಅಬಕಾರಿ ಲೇಬಲ್ ಇಲ್ಲದ ಮಾಲು ಸಿಕ್ಕಿಬಿದ್ದರೆ ರುಚಿಯ ಮಾತೇ ಬರುವುದಿಲ್ಲ.

ಕೂಟ ಮುಗಿದ ಮೇಲೆ ಗ್ಲಾಸುಗಳನ್ನು ತೊಳೆಯಲು ಅವಸರ ಮಾಡಬೇಡಿ. ಯಾವುದು ಯಾವುದರದು ಅಂತ ಕೆಳಗೆ ಚೀಟಿ ಅಂಟಿಸಿ, ಖಾಲಿ ಗ್ಲಾಸನ್ನು ರಾತ್ರಿಯಿಡೀ ಹಾಗೇ ಬಿಡಿ. ಬೆಳಿಗ್ಗೆ ಚಹಾಕ್ಕೂ ಮುಂಚೆ ಒಂದೊಂದನ್ನೇ ಮೂಸಿ. ಸ್ಪಿರಿಟ್ಟೆಲ್ಲ ಹಾರಿಹೋಗಿ ತಳದಲ್ಲಿ ಉಳಿದದ್ದು ಮಾತ್ರ ಇರುತ್ತದೆ: ಒಳ್ಳೆಯ ರಮ್ಮಿನ ಗ್ಲಾಸು ಆಲೆಮನೆಯಂತೆ ಬೆಲ್ಲ ಮತ್ತು ಕಟ್ಟಿಗೆ ನಾರುತ್ತದೆ, ಬಣ್ಣ ಹಾಕಿದ್ದು ಸುಟ್ಟ ಸಕ್ಕರೆ, 100% ಟಕೀಲಾದ್ದು ಕೆಂಡದಿಂದ ಈಗಷ್ಟೇ ತೆಗೆದ ಗೆಣಸು.